ಗೋಡೆಯ ಮೇಲಣ ಹೆಬ್ಬಾತು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಹೋದವರಲ್ಲಿ ಹೆಚ್ಚಿನವರು, ತಳದ ಆನೆಗಳ ಸಾಲಿನಿಂದ ಕಣ್ಣನ್ನು ಮೆಲ್ಲಮೆಲ್ಲನೆ ಮೇಲೆತ್ತುತ್ತ, ಸಿಂಹಗಳನ್ನೂ ಬಳ್ಳಿಯ ಸುರುಳಿಗಳನ್ನೂ ಕುದುರೆ ಸವಾರರನ್ನೂ ದಾಟಿ, ರಾಮಾಯಣ ಭಾರತಗಳ ಕಥಾಪಟ್ಟಿಕೆಗೆ ಬಂದೊಡನೆ ಅಲ್ಲಿಯೇ ನಿಂತುಬಿಡುತ್ತಾರೆ. ಭೀಷ್ಮನ ಶರಶಯ್ಯೆಯೆಲ್ಲಿ, ಚಕ್ರವ್ಯೂಹವೆಲ್ಲಿ ಎಂದು ಹುಡುಕುವ ಸಂಭ್ರಮ ಮುಗಿದ ಮೇಲೆ ಅವರ ದೃಷ್ಟಿ ಒಮ್ಮೆಲೇ ನೆಗೆದು ಭಿತ್ತಿಯ ದೊಡ್ಡ ದೇವತಾಮೂರ್ತಿಗಳ ಮೇಲೆ ಹೋಗಿ ಕೂರುತ್ತದೆ. ಹೀಗೆ ನೆಗೆಯುವಾಗ ನಡುವೆ ತಪ್ಪಿಹೋಗುವುದು ಎರಡು ಕಿರಿದಾದ ಪಟ್ಟಿಕೆಗಳು. ಒಂದರಲ್ಲಿ ಸೊಂಡಿಲೆತ್ತಿ ಬಾಯಿತೆರೆದ ಮಕರಗಳು. ಅದರ ಮೇಲೆ, ಎಂಟು ಪಟ್ಟಿಕೆಗಳಲ್ಲಿ ತುತ್ತತುದಿಯದರಲ್ಲಿ, ಒಂದರ ಹಿಂದೊಂದು ನಡೆಯುತ್ತಿರುವ ಹಂಸಗಳು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪಟ್ಟಿಕೆಗಳು ಆರೇ ಆದರೂ ಮೇಲಿನ ಎರಡು ಸ್ಥಾನಗಳು ಅಲ್ಲಿಯೂ ಇವಕ್ಕೇ ಮೀಸಲು. ನೆಲದ ಮೇಲೆ ಬಾಳುವ ಆನೆ ಕುದುರೆಗಳನ್ನು ಕೆಳಗಿರಿಸಿ, ನೀರಿನ ಜೀವಿಗಳನ್ನು ಪುರಾಣಕಥೆಗಳಿಗೂ ಮೇಲೆ ಏರಿಸಿದ ಈ ಕ್ರಮ ನನ್ನನ್ನು ಬಹುಕಾಲ ಕಾಡಿತ್ತು.

ಗುಡಿಯಿಂದ ಹೊರಬಂದು ತುಸು ದೂರ ನಡೆದರೆ ಕೆರೆಯ ಏರಿ ಸಿಕ್ಕುತ್ತದೆ. ಈ ಊರಿಗೆ ಹಳೇಬೀಡು ಎಂಬ ಹೆಸರು ಬಂದುದು ಬೀಡು ಹಾಳಾದ ಮೇಲೆ. ಹೊಯ್ಸಳರ ರಾಜಧಾನಿಯಾಗಿ ಮೆರೆದಾಗ ಅದು ದೋರಸಮುದ್ರ. ಸಮುದ್ರವೆಂದರೆ ಇಲ್ಲಿ ಕಡಲಲ್ಲ, ಕೆರೆ. ಕಡಲಿನಿಂದ ಘಟ್ಟವೊಂದರ ಅಂತರದಲ್ಲಿದ್ದ ಜನ ತಮ್ಮ ಕೆರೆಗೆ ಸಮುದ್ರವೆಂಬ ಬಿರುದನ್ನು ಕೊಟ್ಟು, ಅದರ ಹೆಸರನ್ನೇ ರಾಜಧಾನಿಗೂ ಇಟ್ಟುಕೊಂಡರು. ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1121ರಲ್ಲಿ, ಅವನ ಅಧಿಕಾರಿ ಕೇತಮಲ್ಲನು ಈ ದೇವಾಲಯವನ್ನು ಕಟ್ಟಿಸತೊಡಗಿದಾಗ, ಕಲ್ಲುಕೆಲಸಕ್ಕೆ ಬಂದ ರೂವಾರಿಗಳು ಬೆಳಗಿನ ಸ್ನಾನಕ್ಕೆ ಇಳಿದದ್ದೂ ಸಂಜೆ ಉಳಿಗಳನ್ನು ತೊಳೆದದ್ದೂ ಆ ಕೆರೆಯಲ್ಲಿಯೇ ಇರಬೇಕು. ನೀರಿನ ಜೀವಿಗಳನ್ನು ಕಾಣಲು ಅವರು ಮಾನಸ ಸರೋವರಕ್ಕೆ ಹೋಗಬೇಕಾಗಿರಲಿಲ್ಲ.

ಆದರೆ ಆ ಪಟ್ಟಿಕೆಯಲ್ಲಿರುವ ಹಕ್ಕಿ ಯಾವುದು? ಹಂಸವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಹಾಲಿನಂತೆ ಬಿಳಿದಾದ, ಕೊರಳನ್ನು ನೀಳವಾಗಿ ಬಳುಕಿಸಿ ತೇಲುವ ಪಕ್ಷಿ. ಅಂಥ ಹಕ್ಕಿ ನಮ್ಮ ಸೀಮೆಯ ನೀರಿಗೆ ಬರುವುದಿಲ್ಲ. ಭಾರತದ ವಾಯವ್ಯದ ಅಂಚಿಗೆ ಅಪೂರ್ವಕ್ಕೊಮ್ಮೆ ದಾರಿತಪ್ಪಿ ಬಂದುದುಂಟು, ಅಷ್ಟೆ. ಭಾರತದ ಪ್ರಾಕ್ತನಶೋಧನ ಇಲಾಖೆಯಲ್ಲಿ ದುಡಿದು, ಅನಂತರ ಲೈಡನ್ನಿನಲ್ಲಿ ಸಂಸ್ಕೃತದ ಅಧ್ಯಾಪಕರಾಗಿದ್ದ ಡಚ್ ವಿದ್ವಾಂಸ ಫೋಗೆಲ್ ಅವರು ಈ ಪ್ರಶ್ನೆಯೊಂದಕ್ಕಾಗಿಯೇ ಒಂದು ಪುಟ್ಟ ಗ್ರಂಥವನ್ನು ಬರೆದರು. ಅವರ ಮರಣಾನಂತರ 1962ರಲ್ಲಿ ಅದು ಪ್ರಕಟವಾಯಿತು. ನಮ್ಮ ಸಾಹಿತ್ಯದಲ್ಲಿಯೂ ಶಿಲ್ಪದಲ್ಲಿಯೂ ಬರುವ ಹಂಸವು ಹೆಬ್ಬಾತಿನ ಜಾತಿಯದು, ಅದರಲ್ಲಿಯೂ ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತು ಎಂಬುದು ಅವರ ನಿರ್ಣಯ. ಇದನ್ನು ಒಪ್ಪದವರೂ ಇದ್ದಾರೆ. ಕವಿಗಳು ಹಂಸವನ್ನು ಧವಳವೆಂದು ವರ್ಣಿಸಿರುವಾಗ ಬೂದುಬಣ್ಣದ ಬಾತನ್ನು ತಂದು ನಿಲ್ಲಿಸುವುದು ಹೇಗೆ ಎಂಬುದು ಅವರ ಆಕ್ಷೇಪ. ಕವಿಗಳ ಬಣ್ಣವನ್ನು ನಾನು ಅಷ್ಟಾಗಿ ನೆಚ್ಚುವವನಲ್ಲ. ನಳೋಪಾಖ್ಯಾನದ ಹಂಸಗಳಿಗೆ ಮೂಲದಲ್ಲಿ ಚಿನ್ನದ ಮೈಯೇ ಇದೆಯಲ್ಲ!

ಬಣ್ಣವನ್ನು ಬಿಟ್ಟು ನಡಿಗೆಯನ್ನು ನೋಡಬೇಕು. ಹಂಸಗಮನೆ ಎಂದು ನಾಯಿಕೆಯರನ್ನು ಹೊಗಳದ ಕಾವ್ಯವೇ ಇಲ್ಲವೆನ್ನಬಹುದು. ವಿಲಾಯತಿಯ ಆ ಬಿಳಿಯ ಹಕ್ಕಿ ನೀರಿನ ಮೇಲೆ ಎಷ್ಟು ಶೋಭಾಯಮಾನವೋ ನೆಲದ ಮೇಲೆ ಅಷ್ಟೇ ಅಸಹಾಯ. ಕಾಲುಗಳು ಮೈಯ ಹಿಂಭಾಗಕ್ಕೆ ಸರಿದಿರುವುದರಿಂದ ಅದು ಎಡವುತ್ತ ತೊಳಲುತ್ತ ಹೆಜ್ಜೆಯಿಡುತ್ತದೆ. ಅದರಂತೆ ನಡೆಯುತ್ತೀಯೆ ಎಂದರೆ ಯಾವ ನಾಯಿಕೆಯೂ ಸಂತೋಷಪಡಲಾರಳು. ಹೆಬ್ಬಾತಿನ ನಡಿಗೆಯೇ ಬೇರೆ. ಹೊಲದ ಬದುವಿನ ಮೇಲೆ ಅದು ಎದೆಯನ್ನು ಮುಂದೊಡ್ಡಿ, ಸೊಂಟವನ್ನು ತುಸುವೇ ತೂಗಿ, ಅವಸರವಿಲ್ಲದ ಗೃಹಿಣಿಯಂತೆ ನಡೆಯುತ್ತದೆ. ಹಳೇಬೀಡಿನ ಪಟ್ಟಿಕೆಯ ಹಂಸಗಳು ಈಜುತ್ತಿಲ್ಲ, ನಡೆಯುತ್ತಿವೆ.

ನಡೆಯುವ ಈ ಸಾಲು ಹೊಯ್ಸಳರ ಸ್ವಂತ ಕಲ್ಪನೆಯೇನೂ ಅಲ್ಲ. ಬಿಹಾರದ ಲೌರಿಯಾ ನಂದನಗಢದ ಮೌರ್ಯ ಸ್ತಂಭದಲ್ಲಿ ಸಿಂಹದ ಪೀಠದ ಸುತ್ತ ಇಂಥದೇ ಹಕ್ಕಿಗಳ ಸಾಲಿದೆ, ಅಜಂತೆಯ ಎರಡನೆಯ ಗುಹೆಯಲ್ಲಿ ಅವು ಬಣ್ಣದಲ್ಲಿವೆ, ಹದಿನೇಳನೆಯ ಗುಹೆಯಲ್ಲಿ ಹಂಸಜಾತಕದ ಕಥೆಯೇ ಇದೆ. ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದು ನಡೆದು ಈ ಹಕ್ಕಿ ದೋರಸಮುದ್ರಕ್ಕೆ ಬಂದು ಸೇರಿತು. ಬಂದ ಮೇಲೆ ಅದಕ್ಕೆ ಒದಗಿದ ಬದಲಾವಣೆ ಮಾತ್ರ ನಮ್ಮದು.

ಆ ಬದಲಾವಣೆಗೆ ಕಾರಣಗಳಲ್ಲಿ ಮೊದಲನೆಯದು ಕಲ್ಲು. ಬಳಪದ ಕಲ್ಲೆಂಬ ಹೆಸರೇ ಅದರ ಗುಣವನ್ನು ಹೇಳುತ್ತದೆ: ಗಣಿಯಿಂದ ತೆಗೆದಾಗ ಮೆತ್ತಗಿದ್ದು ಮರದಂತೆ ಉಳಿಗೆ ಒಲಿಯುವುದು, ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಂತೆ ಗಡುಸಾಗುವುದು. ಕಣಶಿಲೆಯಲ್ಲಿ ಕೆತ್ತುವವನು ಅನಾವಶ್ಯಕವಾದ ಒಂದು ಗೆರೆಗೂ ಲೆಕ್ಕ ಕೇಳುತ್ತಾನೆ. ಬಳಪದ ಕಲ್ಲಿನಲ್ಲಿ ಕೆತ್ತುವವನಿಗೆ ಗೆರೆಯ ಬಡತನವೇ ಇಲ್ಲ. ನೀವು ಪಟ್ಟಿಕೆಯ ಒಂದು ಹಂಸದ ಮುಂದೆ ನಿಂತು, ತಲೆಯಿಂದ ಬಾಲದವರೆಗೆ ಸಾವಧಾನವಾಗಿ ನೋಡಿರಿ. ಕೊಕ್ಕು ಮೊಂಡು, ಬುಡದಲ್ಲಿ ದಪ್ಪ, ಕೊರಳು ಮೋಟಲ್ಲದಿದ್ದರೂ ಹಾವಿನಂತೆ ನೀಳವಲ್ಲ, ಎದೆ ತುಂಬಿದೆ, ಕಾಲು ಗಿಡ್ಡ, ಗಟ್ಟಿ. ಇಷ್ಟರವರೆಗೆ ಅದು ಕೆರೆಯಂಗಳದಲ್ಲಿ ಕಂಡ ಹಕ್ಕಿಯೇ. ಆದರೆ ಹೆಬ್ಬಾತಿನ ನಿಜವಾದ ಬಾಲ ಕತ್ತರಿಸಿ ಬಿಟ್ಟಂತಿರುವ ಒಂದು ಬಡಬಾಲ. ಶಿಲ್ಪಿ ಅಲ್ಲಿಗೆ ಬಂದವನು ಹಕ್ಕಿಯನ್ನು ಕೈಬಿಟ್ಟ. ಬಾಲದ ಗರಿಗಳು ಎಲೆಯಾದುವು, ಎಲೆ ಬಳ್ಳಿಯಾಯಿತು, ಬಳ್ಳಿ ಸುರುಳಿ ಸುತ್ತಿ ಬೆನ್ನಿನ ಮೇಲೇರಿ ತನ್ನ ಹಕ್ಕಿಯ ತಲೆಯನ್ನೇ ಮುಟ್ಟಲು ಬಾಗಿತು. ಒಂದು ಹಂಸ ಹಿಂದಕ್ಕೆ ಕೊರಳು ತಿರುಗಿಸಿ ಆ ಬಳ್ಳಿಯನ್ನು ಕಚ್ಚುವಂತಿದ್ದರೆ, ಇನ್ನೊಂದು ಅದು ತನ್ನದಲ್ಲವೆಂಬಂತೆ ಮುಂದೆ ನಡೆದಿದೆ. ಮುಂಭಾಗ ಕಣ್ಣು ಕಂಡದ್ದು, ಹಿಂಭಾಗ ಕಿವಿ ಕೇಳಿದ್ದು. ಕೆರೆ ಕಥೆಯಾಗುವ ಸಂಧಿ ಆ ಹಕ್ಕಿಯ ಸೊಂಟದಲ್ಲಿದೆ.

ಶಾಸ್ತ್ರಗ್ರಂಥಗಳನ್ನು ಮುಂದಿಟ್ಟುಕೊಂಡು, ಶಿಲ್ಪಿಗೆ ಕಣ್ಣಿನ ಕೆಲಸವೇ ಇರಲಿಲ್ಲ, ಎಲ್ಲವೂ ಪ್ರಮಾಣ ಲಕ್ಷಣಗಳ ಕಟ್ಟಳೆಯೇ ಎನ್ನುವವರಿಗೆ ಅದೇ ಕಾಲದ ಇನ್ನೊಂದು ಗ್ರಂಥವನ್ನು ತೋರಿಸಬೇಕೆನಿಸುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಯ ವಿಚಾರವಿರುವಂತೆ ಮತ್ಸ್ಯವಿನೋದವೆಂಬ ಪ್ರಕರಣವೂ ಇದೆ. ಯಾವ ಮೀನು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕಿಲ್ಲ, ಯಾವುದಕ್ಕೆ ಏನನ್ನು ಮೇವಾಗಿ ಹಾಕಬೇಕು ಎಂದು ಸಿಂಹಾಸನದ ಮೇಲಿದ್ದ ದೊರೆ ವಿಂಗಡಿಸಿ ಬರೆದಿದ್ದಾನೆ. ಹಳೇಬೀಡಿನ ಗೋಡೆ ಏಳುತ್ತಿದ್ದ ವರ್ಷಗಳೂ ಅವೇ. ನೀರಿನೊಳಗಿನ ಬಾಳನ್ನು ಅಷ್ಟು ಶ್ರದ್ಧೆಯಿಂದ ನೋಡುವುದು ಅರಸನಿಗೆ ಗೌರವದ ಕೆಲಸವಾಗಿದ್ದ ನಾಡಿನಲ್ಲಿ ಕಲ್ಲುಕುಟಿಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದನೆಂದು ನಂಬುವುದು ಕಷ್ಟ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ನುಗ್ಗೇಹಳ್ಳಿಯಲ್ಲಿ ಕೆತ್ತಿದ ಬೈಚೋಜ, ಹಾರನಹಳ್ಳಿಯಿಂದ ಸೋಮನಾಥಪುರದವರೆಗೆ ಹಲವು ಗುಡಿಗಳಲ್ಲಿ ದುಡಿದ ಮಲ್ಲಿತಮ್ಮ ಮೊದಲಾದವರು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರನ್ನು ಕೊರೆದಿದ್ದಾರೆ. ದೇವತಾಮೂರ್ತಿಗಳಿಗೆ ರುಜು ಹಾಕುವುದು ದೊಡ್ಡವರ ಹಕ್ಕು. ಹಂಸದ ಪಟ್ಟಿಕೆ ಪ್ರಾಯಶಃ ಅವರ ಕೈಕೆಳಗಿನ ಹುಡುಗರ ಪಾಲಿಗೆ ಬರುತ್ತಿದ್ದಿರಬಹುದು. ಮೂರ್ತಿಗೆ ಧ್ಯಾನಶ್ಲೋಕದ ಅಂಕೆಯುಂಟು. ಹಕ್ಕಿಯ ಬಾಲಕ್ಕೆ ಯಾವ ಶ್ಲೋಕ?

ಹಂಸದ ಕೆಳಗಿನ ಮಕರಕ್ಕೆ ಬರೋಣ. ಆನೆಯ ಸೊಂಡಿಲು, ಹಂದಿಯ ಮೈ, ಮೊಸಳೆಯ ದವಡೆ, ನವಿಲಿನದೆನ್ನಬಹುದಾದ ಬಾಲ, ಹೀಗೆ ನಾಲ್ಕು ಪ್ರಾಣಿಗಳಿಂದ ಸಾಲ ತಂದು ಕಟ್ಟಿದ ಈ ಮೃಗ ಗಂಗೆಗೂ ವರುಣನಿಗೂ ವಾಹನ. ಬಾಗಿಲವಾಡದ ಮೇಲಣ ತೋರಣ ಹೊರಡುವುದು ಅದರ ಬಾಯಿಂದ. ಕೃಷ್ಣನ ಕಿವಿಯಲ್ಲಿ ತೂಗುವುದೂ ಅದೇ. ಎಷ್ಟೇ ಅಲಂಕಾರ ಮಾಡಿದರೂ ಅದರ ಮೂಲ ಅಡಗುವುದಿಲ್ಲ: ನಮ್ಮ ಹೊಳೆ ಮಡುಗಳ ಮೊಸಳೆಯೇ ಅದು. ಹಿಂದಿಯಲ್ಲಿ ಮಕರ ಮಗರ್ ಆಯಿತು. ಆ ಮಗರ್ ಇಂಗ್ಲಿಷರ ಬಾಯಲ್ಲಿ ಮಗ್ಗರ್ ಆಗಿ, ಈಗ ಜಗತ್ತಿನ ಪ್ರಾಣಿಶಾಸ್ತ್ರಜ್ಞರೆಲ್ಲ ಈ ಮೊಸಳೆಯನ್ನು ನಮ್ಮ ಪುರಾಣದ ಹೆಸರಿನಿಂದಲೇ ಕರೆಯುತ್ತಾರೆ. ಅದರ ಶಾಸ್ತ್ರೀಯ ನಾಮದ ಉತ್ತರಾರ್ಧ ಪಲುಸ್ಟ್ರಿಸ್. ಲ್ಯಾಟಿನ್ನಿನಲ್ಲಿ ಅದಕ್ಕೆ ಜೌಗಿನದು ಎಂದರ್ಥ. ಹಾಸನದ ಬಳಿ ಮೊಸಳೆಯೆಂಬ ಹೆಸರಿನ ಊರೇ ಇದೆ. ಅಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಹೊಯ್ಸಳ ಗುಡಿಗಳಿವೆ, ನೋಡುವವರು ಕಡಿಮೆ. ಮಕರದ ಮೂಲಪ್ರತಿಯನ್ನು ಜೀವಂತವಾಗಿ ಕಾಣಬಯಸುವವರು ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ದೋಣಿಯೇರಬಹುದು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜರ ಕಾಲದ ಕಟ್ಟೆಯಿಂದಾಗಿ ಕಾವೇರಿಯಲ್ಲಿ ಎದ್ದ ನಡುಗಡ್ಡೆಗಳವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದುವು. ಮೇಲೆ ಕೊಂಬೆಗಳಲ್ಲಿ ಕೊಕ್ಕರೆಗಳು, ಕೆಳಗೆ ಬಂಡೆಯ ಮೇಲೆ ಬಾಯಿತೆರೆದು ಬಿಸಿಲು ಕಾಯುತ್ತಿರುವ ಮೊಸಳೆಗಳು. ಹಳೇಬೀಡಿನ ಮೇಲಿನೆರಡು ಪಟ್ಟಿಕೆಗಳ ಕ್ರಮವೂ ಅದೇ.

ನನಗೆ ತೋರುವುದು ಇಷ್ಟು. ನೀರಿನ ದಡದಲ್ಲಿ ಬಾಳಿದವರಿಗೆ ಅದರ ಎರಡು ಮುಖಗಳು ಗೊತ್ತು. ಒಂದು ಪೊರೆಯುವುದು, ಇನ್ನೊಂದು ನುಂಗುವುದು. ಕೆರೆ ತುಂಬಿ ಕೋಡಿ ಬಿದ್ದಾಗ ಮೊರದಲ್ಲಿ ಬಾಗಿನವಿಟ್ಟು ಗಂಗೆಯನ್ನು ಪೂಜಿಸುವ ಅದೇ ಹೆಂಗಸರು, ರಾಗಿ ಬೀಸುತ್ತ ಕೆರೆಗೆ ಹಾರವಾಗಿ ಹೋದ ಭಾಗೀರಥಿಯ ಕಥೆಯನ್ನೂ ಹಾಡಿಕೊಂಡರು. ಅಗೆದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆಯನ್ನು ಬೇಡಿದ ಆ ನೀರು ಅವಳ ಪಾದದಿಂದ ಮೇಲೆ ಮೇಲೆ ಏರುವ ಬಗೆಯನ್ನು ಕೇಳಿದವರಿಗೆ ಮಕರದ ಬಾಯಿ ಏತಕ್ಕೆ ತೆರೆದಿದೆಯೆಂದು ಯಾವ ಪಂಡಿತನೂ ವಿವರಿಸಬೇಕಾಗಿಲ್ಲ. ಗಜೇಂದ್ರನ ಕಾಲನ್ನು ಹಿಡಿದ ಮೊಸಳೆ ಗುಡಿಯ ಕಂಬದ ಮೇಲೂ ತೊಗಲುಬೊಂಬೆಯ ಪರದೆಯ ಮೇಲೂ ಜನರ ಕಣ್ಣಿಗೆ ಬಿದ್ದದ್ದು ಅದೇ ಅಂಜಿಕೆಯಿಂದ. ನುಂಗುವ ನೀರಿನ ಮೇಲೆ ಪೊರೆಯುವ ನೀರನ್ನು ಇರಿಸಿದುದರಲ್ಲಿ ನಮ್ಮ ಶಿಲ್ಪಿಗಳ ಆಶೆ ಕಾಣುತ್ತದೆ. ಇದನ್ನು ಶಾಸ್ತ್ರವೆಂದು ಹೇಳುತ್ತಿಲ್ಲ. ಹೀಗೆ ನೋಡಿದರೆ ಮೇಲಿನೆರಡು ಪಟ್ಟಿಕೆಗಳು ಮಾತಾಡುತ್ತವೆ, ಅಷ್ಟೇ.

ಹಾಲು ನೀರುಗಳನ್ನು ಬೇರ್ಪಡಿಸುವ ಶಕ್ತಿ ಹಂಸಕ್ಕುಂಟೆಂಬ ಮಾತನ್ನು ಕೇಳದವರಿಲ್ಲ. ಅದೂ ಕೆರೆಯಲ್ಲಿ ಹುಟ್ಟಿದ ಮಾತೇ. ತಾವರೆಯ ದಂಟನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ನೀರಿನಲ್ಲಿ ಕೊಕ್ಕದ್ದಿ ಆ ದಂಟನ್ನು ಕಿತ್ತು ತಿನ್ನುವ ಹಕ್ಕಿಯನ್ನು ಕಂಡವರು ನೀರೊಳಗಿನಿಂದ ಹಾಲನ್ನಷ್ಟೇ ಕುಡಿಯುತ್ತದೆಂದರು, ವೇದಾಂತಿಗಳು ಅದನ್ನೆತ್ತಿಕೊಂಡು ನಿತ್ಯಾನಿತ್ಯ ವಿವೇಕವನ್ನಾಗಿ ಮಾಡಿದರು, ಪರಮಹಂಸರೆಂಬ ಪದವಿ ಸಿದ್ಧವಾಯಿತು. ಕೊಕ್ಕಿನಲ್ಲಿ ಮೃಣಾಳವನ್ನು ಕಚ್ಚಿದ ಶಿಲ್ಪದ ಹಂಸಗಳು ಮಾತ್ರ ಆ ಮೊದಲಿನ ನೋಟವನ್ನು ಬಿಟ್ಟುಕೊಡಲಿಲ್ಲ. ಹಳಗನ್ನಡದವರು ಹಂಸವನ್ನು ಅಂಚೆಯೆಂದರು. ಕಾಗದಪತ್ರಗಳ ಅಂಚೆಗೂ ದಮಯಂತಿಯ ಓಲೆಕಾರನಾದ ಆ ಹಕ್ಕಿಗೂ ನಂಟು ಹೇಳುವವರಿದ್ದಾರೆ. ಭಾಷಾಶಾಸ್ತ್ರಜ್ಞರು ತಲೆಯಾಡಿಸಲಾರರು, ಆದರೂ ಮಾತು ಸೊಗಸಾಗಿದೆ. ಇದರ ನೆರೆಯ ಜಕ್ಕವಕ್ಕಿ, ಇರುಳೆಲ್ಲ ಜೊತೆಯನ್ನಗಲಿ ಕೊಳದ ಆಚೆಯ ದಡದಿಂದ ಕೂಗುವುದೆಂದು ಕಾವ್ಯದಲ್ಲಿ ಹೆಸರಾದ ಚಕ್ರವಾಕ, ಶಿಲ್ಪದಲ್ಲಿ ಹಂಸದಷ್ಟು ಪಾಲನ್ನು ಪಡೆಯಲಿಲ್ಲ. ವಿರಹವನ್ನು ಪಟ್ಟಿಕೆಯಲ್ಲಿ ಸಾಲಾಗಿ ನಡೆಸುವುದು ಹೇಗೆ?

1311ರಲ್ಲಿ ಮಲ್ಲಿಕಾಫರನ ದಂಡು ದೋರಸಮುದ್ರಕ್ಕೆ ಬಂತು. ಆ ಶತಮಾನದ ನಡುವೆ ಹೊಯ್ಸಳರ ಆಳಿಕೆ ಮುಗಿಯಿತು. ಹಂಸವು ಕಲ್ಲನ್ನು ಬಿಟ್ಟು ಬೇರೆ ಬೇರೆ ಕೈಗಳಿಗೆ ಹೋಯಿತು: ಹಿತ್ತಾಳೆಯ ದೀಪದ ನೆತ್ತಿಗೆ, ತೊಟ್ಟಿಲ ಹಲಗೆಗೆ, ಅಂಗಳದ ರಂಗವಲ್ಲಿಗೆ. ಅದನ್ನು ಎಲ್ಲರಿಗಿಂತ ಜೋಪಾನ ಮಾಡಿದವರು ಧಾರವಾಡ ಸೀಮೆಯ ಕಸೂತಿಯ ಹೆಂಗಸರೆಂದು ನನ್ನ ಅಭಿಪ್ರಾಯ. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ; ಇಳಕಲ್ಲ ಸೀರೆಯ ನೂಲೆಳೆಗಳನ್ನು ಎಣಿಸುತ್ತ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯ ಹೊಲಿಗೆಯಲ್ಲಿ ಸೂಜಿ ಒಂದೆಳೆ ಬಿಟ್ಟು ಒಂದೆಳೆ ಹಿಡಿದು ಹೋಗಿ, ಬಂದ ದಾರಿಯಲ್ಲಿಯೇ ತಿರುಗಿ ಬಂದು ಬಿಟ್ಟ ಜಾಗವನ್ನು ತುಂಬುತ್ತದೆ. ಆಗ ಬಟ್ಟೆಯ ಎರಡು ಮಗ್ಗುಲಿಗೂ ಒಂದೇ ಚಿತ್ರ. ಮುರಗಿಯದು ಮೆಟ್ಟಿಲಿನ ಓಟ, ನೇಯ್ಗೆ ಹೆಸರಿಗೆ ತಕ್ಕಂತೆ ನೇಯ್ದಂತೆಯೇ ಕಾಣುವುದು, ಮೆಂತೆ ಕತ್ತರಿಯಾಕಾರದ ಒತ್ತೊತ್ತಾದ ಕಾಳು. ಇವುಗಳಲ್ಲಿ ಬಳುಕುವ ಗೆರೆಗೆ ಅವಕಾಶವೇ ಇಲ್ಲ. ಎಲ್ಲವೂ ನೇರ, ಇಲ್ಲವೆ ಓರೆ. ಬಳಪದ ಕಲ್ಲಿನಲ್ಲಿ ಸುರುಳಿ ಸುರುಳಿಯಾಗಿ ಮೆರೆದ ಬಾಲ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾಯಿತು. ಆದರೂ ಅದು ಹಂಸವಾಗಿಯೇ ಉಳಿಯಿತು.

ಧಾರವಾಡದಲ್ಲಿ ಒಮ್ಮೆ, ಕಟ್ಟೆಯ ಮೇಲೆ ಕಪ್ಪು ಚಂದ್ರಕಾಳಿ ಸೀರೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದ ಮುದುಕಿಯೊಬ್ಬಳನ್ನು, ನನ್ನ ಪುಸ್ತಕಪಾಂಡಿತ್ಯದ ಗರ್ವದಿಂದ, "ಅಜ್ಜೀ, ಇದು ಹಂಸವೋ, ಬಾತುಕೋಳಿಯೋ?" ಎಂದು ಕೇಳಿದೆ. ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಎಣಿಕಿ ಸರಿ ಬಂದರ ಹಂಸ ಆಗ್ತದ ತಮ್ಮಾ, ಒಂದು ಎಳಿ ತಪ್ಪಿದರ ಕೊಕ್ಕರಿ ಆಗ್ತದ" ಎಂದು ಹೇಳಿ ಮತ್ತೆ ಬಗ್ಗಿದಳು. ಫೋಗೆಲ್ ಅವರ ಹೆಸರನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಈ ಹಕ್ಕಿಗೆ ನಿಜವಾದ ಆಪತ್ತು ಬಂದುದು ದಂಡಿನಿಂದಲ್ಲ, ಚಿತ್ರಪಟದಿಂದ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯ ಬಳಿ ಮುದ್ರಣಾಲಯವನ್ನು ಸ್ಥಾಪಿಸಿದರು; 1899ರ ಅವರ ಹಂಸ–ದಮಯಂತಿಯ ಚಿತ್ರ ಹೆಸರಾಂತುದು. ದಮಯಂತಿ ನಮ್ಮವಳೇ, ಉಟ್ಟ ಸೀರೆ, ನಿಂತ ನಿಲುವು, ಕಿವಿಗೊಟ್ಟ ಮುಖ, ಎಲ್ಲವೂ ಇಲ್ಲಿಯವು. ಅವಳ ಮುಂದಿರುವ ಬಿಳಿಯ ನೀಳಕೊರಳಿನ ಹಕ್ಕಿ ಮಾತ್ರ ಯೂರೋಪಿನ ಉದ್ಯಾನಸರೋವರದಿಂದ ಬಂದದ್ದು. ಚಿತ್ರ ಮನೋಹರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಚಿನ್ನದ ಹಕ್ಕಿಯನ್ನು ಬಿಳಿದು ಮಾಡಿದರೆ ಚಿತ್ರಕಾರನನ್ನು ಯಾರೂ ದಂಡಿಸುವಂತಿಲ್ಲ. ಆದರೆ ಅಚ್ಚಿನ ಪಟಗಳೂ, ಅವುಗಳ ಹಿಂದೆ ಬಂದ ಕ್ಯಾಲೆಂಡರುಗಳೂ, ಬೆಂಕಿಪೊಟ್ಟಣದ ಚೀಟಿಗಳೂ ಮನೆಮನೆಯ ಗೋಡೆಯನ್ನೇರಿದ ಮೇಲೆ, ಹಂಸವೆಂದರೆ ಇದೇ ಎಂದು ಮಕ್ಕಳು ಕಲಿತುವು. ಊರ ಕೆರೆಗೆ ಪ್ರತಿವರ್ಷವೂ ಬಂದಿಳಿಯುವ ಅತಿಥಿ ಬರಿಯ ಬಾತಾಯಿತು. ಕಣ್ಣಿಗೆ ಕಾಣುವ ಹಕ್ಕಿಯಿಂದ ಹೆಸರನ್ನು ಕಿತ್ತು ಕಾಣದ ಹಕ್ಕಿಗೆ ಕೊಟ್ಟುಬಿಟ್ಟೆವು. ಈಗ ಮದುವೆಯ ಛತ್ರದ ಬಾಗಿಲಲ್ಲಿ ಥರ್ಮೋಕೋಲಿನಿಂದ ಕತ್ತರಿಸಿ ನಿಲ್ಲಿಸುವ ಜೋಡಿ ಹಂಸಗಳನ್ನು ಕಂಡಾಗಲೆಲ್ಲ ನನಗೆ ಆ ಅಜ್ಜಿಯ ಎಣಿಕೆ ನೆನಪಾಗುತ್ತದೆ.

ಆ ಅತಿಥಿ ಇನ್ನೂ ಬರುತ್ತಿದೆ. ನಂಜನಗೂಡಿನ ಬಳಿಯ ಹದಿನಾರಿನ ಕೆರೆಗೆ ಬರುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿಯ ಹತ್ತಿರದ ಮಾಗಡಿ ಕೆರೆಗೆ ಹಿಂಡು ಹಿಂಡಾಗಿ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳನ್ನು ನಮ್ಮ ಕೆರೆಗಳಲ್ಲಿ ಕಂಡವರುಂಟು. ಇರುಳು ಹೊಲಗಳಲ್ಲಿ ಮೇದು, ಹಗಲು ನೀರಿನ ನಡುವೆ ವಿಶ್ರಮಿಸುವುದು ಅವುಗಳ ರೂಢಿ. ನೆತ್ತಿಯ ಹಿಂದೆ ಕಾಡಿಗೆಯಿಂದ ಎಳೆದಂತಿರುವ ಎರಡು ಅಡ್ಡಪಟ್ಟೆಗಳು, ಕೊರಳ ಪಕ್ಕದಲ್ಲಿ ಬಿಳಿಯ ಗೆರೆ, ಬೂದು ಮೈ, ಕಿತ್ತಳೆಯ ಕಾಲು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳನ್ನು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. 2024ರ ಆರಂಭದಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಕಲ್ಲಿನ ಹಕ್ಕಿಗೂ ಜೀವದ ಹಕ್ಕಿಗೂ ಕೆಲವೇ ತಿಂಗಳ ಅಂತರದಲ್ಲಿ ಮನ್ನಣೆ ದೊರೆಯಿತೆನ್ನಬೇಕು, ಎರಡೂ ಒಂದೇ ಹಕ್ಕಿಯೆಂಬುದು ಆ ಎರಡು ಪಟ್ಟಿಗಳಲ್ಲಿಯೂ ಇಲ್ಲದಿದ್ದರೂ.

ಹಳೇಬೀಡಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ: ಮೊದಲು ಕೆರೆಗೆ ಹೋಗಿ, ಆಮೇಲೆ ಗುಡಿಗೆ. ಮಾಗಡಿಯಾಗಲಿ ಹದಿನಾರಾಗಲಿ, ಪುಷ್ಯಮಾಸದ ಒಂದು ಬೆಳಗ್ಗೆ ಏರಿಯ ಮೇಲೆ ಗದ್ದಲ ಮಾಡದೆ ಕುಳಿತಿದ್ದು ಆ ಹಕ್ಕಿಗಳ ನಡಿಗೆಯನ್ನು ನೋಡಿಕೊಂಡು ಬನ್ನಿ. ಯುಗಾದಿಯವರೆಗೆ ಕಾಯಬೇಡಿ, ಅಷ್ಟರಲ್ಲಿ ಅವು ಉತ್ತರಕ್ಕೆ ಹೊರಟುಹೋಗಿರುತ್ತವೆ.